ಗೇಟಿನ ನೀರು, ಮಷೀನಿನ ನೀರು

ಅರ್ಜಿ ಎರಡು ರಟ್ಟಿನ ಪೆಟ್ಟಿಗೆಗಳಲ್ಲಿ ಬಂತು. ಸೇಡಂ ರಸ್ತೆಯಲ್ಲಿ ಕನ್ನಡಕದ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳೇ ನಮ್ಮ ಕಚೇರಿ. ಕೊರಿಯರ್‌ನವನು ಪೆಟ್ಟಿಗೆಗಳನ್ನು ಮೆಟ್ಟಿಲು ಹತ್ತಿಸಿ ತಂದಿಳಿಸಿ, "ಯಾನ್ ಅದರಿ ಇದ್ರಾಗ, ಕಲ್ಲು ತುಂಬ್ಯಾರೇನು?" ಎಂದು ಬೆವರು ಒರೆಸಿಕೊಂಡ. "ನೀರು" ಎಂದೆ. ಅವನು ತಳ ಒದ್ದೆಯಾಗಿದೆಯೇ ಎಂದು ಬಗ್ಗಿ ನೋಡಿದ.

ವಿದ್ಯುತ್ ದರ ನಿಗದಿ ಮಾಡುವ ಆಯೋಗದಲ್ಲಿ ನಾನು ಸಹಾಯಕ ನಿರ್ದೇಶಕಿ. ಸರ್ಕಾರಿ ಒಡೆತನದ ಉತ್ಪಾದನಾ ಸಂಸ್ಥೆಯೊಂದು ತನ್ನ ಹಳೆಯ ಜಲವಿದ್ಯುತ್ ಕೇಂದ್ರದ ದರ ಹೆಚ್ಚಿಸಿಕೊಡಬೇಕೆಂದು ಆಯೋಗದ ಮುಂದೆ ಅರ್ಜಿ ಹಾಕಿತ್ತು. ಇಂಥ ಅರ್ಜಿಗಳ ವಿಚಾರಣೆ ಸಾಮಾನ್ಯವಾಗಿ ಬೆಂಗಳೂರಿನಲ್ಲಿ, ವಕೀಲರ ನಡುವೆಯೇ ಮುಗಿದುಹೋಗುತ್ತದೆ. ಆ ಸಲ ಮಾತ್ರ ಕಲಬುರಗಿಯಲ್ಲಿ ಬಹಿರಂಗ ವಿಚಾರಣೆ ಮಾಡೋಣ, ಅದಕ್ಕೆ ಮೊದಲು ಜನರಿಗೆ ತಿಳಿಯುವ ಕನ್ನಡದಲ್ಲಿ ಅರ್ಜಿಯ ಸಾರಾಂಶ ಹಂಚೋಣ ಎಂದು ಆಯೋಗ ತೀರ್ಮಾನಿಸಿತು. ಸಾರಾಂಶ ಬರೆಯುವುದು, ಸಭೆ ಕರೆಯುವುದು, ಬಂದ ಆಕ್ಷೇಪಣೆಗಳನ್ನು ದಾಖಲಿಸುವುದು ಮೂರೂ ನನ್ನ ಪಾಲಿಗೆ ಬಂದವು. ನಾನು ಇದೇ ಊರಿನವಳು ಎಂಬುದರ ಹೊರತು ಅದಕ್ಕೆ ಬೇರೆ ಕಾರಣವಿರಲಿಲ್ಲ.

ಆ ತನಕ ನಾನು ಕಲ್ಲಿದ್ದಲಿನ ಕೇಂದ್ರಗಳ ಕಡತಗಳನ್ನಷ್ಟೇ ನೋಡಿದ್ದೆ. ಅಲ್ಲಿ ಲೆಕ್ಕ ಕಣ್ಣಿಗೆ ಕಾಣುತ್ತದೆ: ಇಷ್ಟು ಕಲ್ಲಿದ್ದಲು ಸುಟ್ಟರೆ ಇಷ್ಟು ಯೂನಿಟ್, ಕಲ್ಲಿದ್ದಲಿಗೆ ಇಷ್ಟು ಬೆಲೆ. ನೀರಿಗೆ ಬೆಲೆಯೇ ಇಲ್ಲ. ಮೋಡ ಬಿಲ್ ಕಳಿಸುವುದಿಲ್ಲ. ಹಾಗಾದರೆ ನೀರಿನ ವಿದ್ಯುತ್ತಿಗೆ ದರ ಎಲ್ಲಿಂದ ಹುಟ್ಟುತ್ತದೆ? ಈ ಕುತೂಹಲದಲ್ಲೇ ನಾನು ಪೆಟ್ಟಿಗೆ ಬಿಚ್ಚಿದ್ದು.

ಮೂರು ದಿನ ಓದಿದ ಮೇಲೆ ತಿಳಿದದ್ದು ಇಷ್ಟು. ಕೇಂದ್ರದ ಸಿಬ್ಬಂದಿಯ ಸಂಬಳ, ದುರಸ್ತಿ, ಸಾಲದ ಬಡ್ಡಿ, ಹಾಕಿದ ಬಂಡವಾಳಕ್ಕೆ ನಿಗದಿಯಾದ ಪ್ರತಿಫಲ, ಇವೆಲ್ಲ ಸೇರಿ ವರ್ಷದ ಖರ್ಚು. ನೀರು ಬರಲಿ ಬಿಡಲಿ, ಆ ಖರ್ಚು ಅಷ್ಟೇ. ಆ ಖರ್ಚನ್ನು, ಒಂದು ವರ್ಷದಲ್ಲಿ ಎಷ್ಟು ವಿದ್ಯುತ್ ಹುಟ್ಟಬಹುದು ಎಂಬ ನಿರೀಕ್ಷೆಯಿಂದ ಭಾಗಿಸಿದರೆ ಒಂದು ಯೂನಿಟ್ಟಿನ ದರ. ಭಾಗಿಸುವ ಸಂಖ್ಯೆ ಚಿಕ್ಕದಾದಷ್ಟೂ ದರ ದೊಡ್ಡದು. ಅರ್ಜಿಯ ತಿರುಳು ಇದ್ದದ್ದು ಅಲ್ಲೇ. ಅಣೆಕಟ್ಟು ಕಟ್ಟಿದಾಗ ದೀರ್ಘಕಾಲದ ನದಿ ಹರಿವು ನೋಡಿ ನಿರ್ಧರಿಸಿದ ನಿರೀಕ್ಷೆಯನ್ನು ಕೈಬಿಟ್ಟು, ಹಿಂದಿನ ಮೂರು ವರ್ಷ ನಿಜವಾಗಿ ಹುಟ್ಟಿದ ವಿದ್ಯುತ್ತಿನ ಸರಾಸರಿಯನ್ನು ಹಿಡಿಯಬೇಕು ಎಂದು ಸಂಸ್ಥೆ ಕೇಳಿತ್ತು. ಆ ಮೂರು ವರ್ಷಗಳಲ್ಲಿ ಉತ್ಪಾದನೆ ಬಹಳ ಕಡಿಮೆ.

ಸಾರಾಂಶ ಎರಡು ಪುಟ ಬರೆದೆ. ಬ್ರಹ್ಮಪುರದ ನಮ್ಮ ಮನೆಯಲ್ಲಿ ಅಡುಗೆಮನೆಯ ಮಾತು ಮರಾಠಿ, ಪಡಸಾಲೆಯ ಮಾತು ಕನ್ನಡ. ನನ್ನ ಅತ್ತೆಯವರು ಎರಡನ್ನೂ ತಪ್ಪಿಲ್ಲದೆ ಓದುತ್ತಾರೆ, ಎರಡರಲ್ಲೂ ತಪ್ಪು ಹುಡುಕುತ್ತಾರೆ. ಅವರಿಗೆ ತಿಳಿದರೆ ಊರಿಗೆಲ್ಲ ತಿಳಿದೀತು ಎಂದು ಕರಡನ್ನು ಅವರ ಕೈಗಿಟ್ಟೆ. ಮೆಂತ್ಯಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಪೂರ್ತಿ ಓದಿದರು.

"ಛಲೋ ಅದ. ಆದ್ರ ಕರೆಂಟ್ ಹುಟ್ಟೋದು ಕಡಿಮಿ ಆತು ಅಂತ ಬರದೀ. ಯಾಕ ಕಡಿಮಿ ಆತು ಅಂತ ಎಲ್ಲಿ ಬರದೀ?" ಎಂದರು.

"ನೀರಿನ ಕರೆಂಟ್ ಅಲ್ಲೇನ್ರಿ, ಮಳಿ ಕಡಿಮಿ ಆಗಿರ್ತದ" ಎಂದೆ.

"ಮತ್ತ ಅದನ್ನ ಬರಿ. ಓದೋರಿಗೆ ಕಾರಣ ಬೇಕು."

ನಾನು ಪೆನ್ನು ತೆಗೆದು "ಮಳೆ ಕಡಿಮೆಯಾದ ಕಾರಣ" ಎಂದು ಸಾಲಿನ ಮೇಲೆ ಸೇರಿಸಿದೆ. ವಾಕ್ಯ ಒಮ್ಮೆಲೇ ಪೂರ್ಣವಾದಂತೆ ಕಂಡಿತು. ಅದು ಹಾಗೆಯೇ ಅಚ್ಚಾಯಿತು, ಪತ್ರಿಕೆಗಳಲ್ಲಿ ಬಂತು, ಬಿಲ್ ಕಟ್ಟುವ ಕೌಂಟರುಗಳ ಗೋಡೆಗೆ ಅಂಟಿತು.

ಮೊದಲ ತಿಳಿವಳಿಕೆ ಸಭೆಯನ್ನು ಖೂಬಾ ಪ್ಲಾಟ್‌ನ ಒಂದು ಚಿಕ್ಕ ಸಭಾಂಗಣದಲ್ಲಿ ಕರೆದೆವು. ಅರವತ್ತು ಕುರ್ಚಿ ಹಾಕಿಸಿದ್ದೆ. ಬಂದವರು ಒಂಬತ್ತು ಮಂದಿ. ಅವರಲ್ಲಿ ಇಬ್ಬರು ಪಕ್ಕದ ಮದುವೆ ಮಾತುಕತೆಗೆ ಬಂದು ತಪ್ಪಿ ನಮ್ಮಲ್ಲಿ ಕುಳಿತವರು. ಉಳಿದವರು ತಮ್ಮ ತಮ್ಮ ಮೀಟರು, ಜೋತುಬಿದ್ದ ತಂತಿ, ಹೇಳದೆ ಕೇಳದೆ ಹೋಗುವ ಕರೆಂಟು, ಇವುಗಳ ಬಗ್ಗೆ ಮಾತಾಡಿದರು. ಎಲ್ಲವೂ ನಿಜವಾದ ದೂರುಗಳೇ. ಆದರೆ ಅಣೆಕಟ್ಟಿನ ಬಗ್ಗೆ ಒಂದೇ ಒಂದು ಪ್ರಶ್ನೆ ಬರಲಿಲ್ಲ. ಮಳೆ ಬರಲಿಲ್ಲ, ದರ ಏರುತ್ತದೆ, ಅದಕ್ಕೆ ಯಾರೇನು ಮಾಡಲಾದೀತು ಎಂಬ ಭಾವ ಎಲ್ಲರ ಮುಖದಲ್ಲಿತ್ತು. ನನ್ನ ಮೂರು ಪದ ಆ ಕೆಲಸ ಮಾಡಿದ್ದವು ಎಂದು ಆಗ ನನಗೆ ಹೊಳೆಯಲಿಲ್ಲ.

ಮರುದಿನ ಕಮಲಾಪುರದಿಂದ ಫೋನ್ ಬಂತು. ಹೆಂಗಸಿನ ದನಿ, ಹಿಂದೆ ಮಷೀನಿನ ಗದ್ದಲ.

"ಮೇಡಂ ಅವರೇನ್ರಿ? ನಾ ಹಿಟ್ಟಿನ ಗಿರಣಿ ನಡಸ್ತೀನ್ರಿ. ಬಿಲ್ ಕೌಂಟರ್‌ದಾಗ ನಿಮ್ಮ ಕಾಗದ ಓದ್ದೆ. ಆ ಅಣಿಕಟ್ಟು ಎಲ್ಲೋ, ನಮ್ಮೂರು ಎಲ್ಲೋ. ಅದರ ರೇಟು ನನ್ನ ಗಿರಣಿಗಿ ಯಾಕ ಹತ್ತತದ? ಫೋನಿನಾಗ ತಿಳಿಯಂಗಿಲ್ಲ. ನೀವೇ ಬರ್ತೀರೇನು? ಐತವಾರ ಗಿರಣಿ ಬಂದ್ ಇರ್ತದ, ಅಂಗಳದಾಗೇ ಕುಂದ್ರಮು."

ಭಾನುವಾರ ಹುಮನಾಬಾದ್ ಕಡೆಯ ಬಸ್ಸು ಹತ್ತಿ ಹೋದೆ. ಗಿರಣಿಯ ಮುಂದೆ ಬೇವಿನ ನೆರಳಲ್ಲಿ ಜಮಖಾನೆ ಹಾಸಿದ್ದರು. ಇಪ್ಪತ್ತು ಮಂದಿಯಾದರೂ ಇದ್ದರು: ಪಂಪ್‌ಸೆಟ್ ಇಟ್ಟು ಕೆಂಪು ಬಾಳೆ ಬೆಳೆಯುವವರು, ಒಬ್ಬ ದರ್ಜಿ, ಕೋಲ್ಡ್ ಡ್ರಿಂಕ್ಸ್ ಅಂಗಡಿಯವನು, ನೆರೆಮನೆಯ ಹೆಂಗಸರು. ಎಲ್ಲರೂ ಗಿರಣಿಯಾಕೆಯನ್ನು ಗಿರಣಿಯಕ್ಕ ಎನ್ನುತ್ತಿದ್ದರು. ನನಗೂ ಅದೇ ರೂಢಿಯಾಯಿತು.

ಎಲ್ಲ ಕೇಂದ್ರಗಳ ವಿದ್ಯುತ್ತೂ ಒಂದೇ ಜಾಲಕ್ಕೆ ಸೇರುತ್ತದೆ, ಅದರಲ್ಲಿ ನೀರಿನದೇ ಎಲ್ಲಕ್ಕಿಂತ ಅಗ್ಗ, ಆ ಅಗ್ಗದ ಪಾಲು ದುಬಾರಿಯಾದರೆ ಎಲ್ಲರ ಬಿಲ್ಲೂ ಸ್ವಲ್ಪ ಸ್ವಲ್ಪ ಏರುತ್ತದೆ ಎಂದು ಹೇಳಿದೆ. ಅದು ತಿಳಿಯಿತು. ಖರ್ಚನ್ನು ಭಾಗಿಸುವ ಮಾತು ಬಂದಾಗ ಮಾತ್ರ ದರ್ಜಿ ತಲೆ ಅಲ್ಲಾಡಿಸಿದ. ಗಿರಣಿಯಕ್ಕ ನನ್ನ ಬಾಯಿಂದ ಮಾತು ಕಸಿದುಕೊಂಡಳು.

"ಇಲ್ಲಿ ಕೇಳ್ರಿ. ಈ ಗಿರಣಿ ಬಾಡಿಗಿ ತಿಂಗಳಿಗಿ ಅಷ್ಟೇ. ಬೀಸೋ ಕಲ್ಲಿಗಿ ಹಲ್ಲು ಹಾಕ್ಸೋದು ಅಷ್ಟೇ. ಹತ್ತು ಚೀಲ ಜ್ವಾಳ ಬಂದ್ರೂ ಅಷ್ಟೇ, ಐದು ಬಂದ್ರೂ ಅಷ್ಟೇ. ಐದೇ ಬರ್ತಾವ ಅಂತ ಮೊದಲೇ ಹಿಡದ್ರ, ಒಂದೊಂದು ಚೀಲಕ್ಕ ದುಪ್ಪಟ್ಟು ಕೇಳಬೇಕಾಗ್ತದ. ಅವರು ಹಂಗ ಕೇಳಾಕತ್ತಾರ. ಹೌದಲ್ರಿ ಮೇಡಂ?"

ಹೌದು ಎಂದೆ. ಎರಡು ಪುಟದಲ್ಲಿ ನಾನು ಹೇಳಲಾಗದ್ದನ್ನು ಆಕೆ ಒಂದು ಉಸಿರಿನಲ್ಲಿ ಹೇಳಿದ್ದಳು.

ಆಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. "ಜೈ ಭೀಮ್ ರೀ ಮೇಡಂ. ನಾನು ನೀರಾವರಿ ಇಲಾಖ್ಯಾಗ ಗೇಜ್ ರೀಡರ್ ಇದ್ದೆ. ಹೋದ ವರ್ಷ ರಿಟೈರ್ ಆಗಿ ಊರಿಗಿ ಬಂದೀನಿ. ಒಂದು ಮಾತು ಕೇಳ್ಲೇನು?"

"ಕೇಳ್ರಿ ಕಾಕಾ."

"ಮೂರು ವರ್ಷ ಮಳಿ ಕಡಿಮಿ ಇತ್ತು ಅಂತ ನಿಮ್ಮ ಕಾಗದದಾಗ ಅದ. ಅದು ಯಾರು ಹೇಳಿದ್ದರಿ?"

ನದಿಯ ನೀರಿನ ಮಟ್ಟ ಓದಿ ಬರೆಯುವುದು ಗೇಜ್ ರೀಡರ್ ಕೆಲಸ. ದಡದಲ್ಲಿ ಅಡಿ, ಇಂಚು ಬರೆದ ಕಂಬ ಇರುತ್ತದೆ. ಬೆಳಿಗ್ಗೆ ಸಂಜೆ, ಮಳೆಗಾಲದಲ್ಲಾದರೆ ತಾಸಿಗೊಮ್ಮೆ, ನೀರು ಕಂಬದ ಎಲ್ಲಿಯತನಕ ಬಂದಿದೆ ಎಂದು ನೋಡಿ ದಾಖಲಿಸಬೇಕು. ಈ ಕಾಕಾ ಕೆಲಸ ಮಾಡಿದ್ದು ನಮ್ಮ ಅರ್ಜಿಯಲ್ಲಿದ್ದ ಅದೇ ಅಣೆಕಟ್ಟಿನ ಕೆಳಗೆ.

"ಅರ್ಜಿಯೊಳಗ ಉತ್ಪಾದನಾ ಕಡಿಮಿ ಆಗೇದ ಅಂತ ಅದರಿ" ಎಂದೆ.

"ಅದು ಖರೇ ಇದ್ದೀತು. ಆದ್ರ ನದ್ಯಾಗ ನೀರು ಇತ್ತರಿ. ನಾನೇ ಓದೀನಿ." ಅವರು ಕುಳಿತುಕೊಳ್ಳದೆ ನಿಧಾನವಾಗಿ ಹೇಳತೊಡಗಿದರು. "ಅಣಿಕಟ್ಟಿಂದ ನೀರು ಎರಡು ದಾರೀಲೆ ಕೆಳಗ ಬರ್ತದ. ಒಂದು ಮಷೀನಿನ ನೀರು, ಒಂದು ಗೇಟಿನ ನೀರು. ಮಷೀನಿನ ನೀರು ಗಡಿಯಾರ ನೋಡಿ ಬರ್ತದ. ಸಂಜಿಗಿ ಊರಾಗ ದೀಪ ಹತ್ತೋ ಹೊತ್ತಿಗಿ ಏರ್ತದ, ಮಂದಿ ಮಲಗಿದ ಮ್ಯಾಲ ಇಳೀತದ. ತಳದಿಂದ ಬರ್ತದಲ್ಲ, ಕೈ ಇಟ್ರ ತಣ್ಣಗ ಇರ್ತದ. ಗೇಟಿನ ನೀರಿಗಿ ಹೊತ್ತು ಗೊತ್ತು ಇಲ್ಲ. ನೊರಿ ಹೊತ್ಕೊಂಡು, ಕಸಾ ಕಡ್ಡಿ ತಗೊಂಡು ಬರ್ತದ, ಬಂದ್ರ ದಿನಾಪೂರ್ತಿ ಒಂದೇ ಮಟ್ಟ ನಿಲ್ತದ. ಆ ಮೂರು ವರ್ಷ ನಾ ನೋಡಿದ್ದು ಹೆಚ್ಚು ಪಾಲು ಗೇಟಿನ ನೀರು. ನೀರು ಇತ್ತು, ಮಷೀನ್ ತಿರಗಲಿಲ್ಲ. ಮಷೀನ್ ಯಾಕ ತಿರಗಲಿಲ್ಲ ಅಂತ ನನಗ ಗೊತ್ತಿಲ್ಲ. ಆದ್ರ ಮಳಿ ಮ್ಯಾಲ ಹಾಕಬ್ಯಾಡ್ರಿ."

ನದಿಯನ್ನು ಕೈಯಿಂದ ಮುಟ್ಟಿ ವಿದ್ಯುತ್ ಕೇಂದ್ರ ನಡೆಯುತ್ತಿದೆಯೋ ಇಲ್ಲವೋ ಹೇಳಬಹುದು ಎಂಬುದು ನನಗೆ ಅಂದು ಗೊತ್ತಾಯಿತು. ಎರಡು ಪೆಟ್ಟಿಗೆ ಕಾಗದದಲ್ಲಿ ಆ ಮಾತು ಎಲ್ಲೂ ಇರಲಿಲ್ಲ.

ಸೋಮವಾರ ಕಚೇರಿ ಬಾಗಿಲು ತೆರೆದ ಕೂಡಲೆ ಅರ್ಜಿ ಬಿಚ್ಚಿದೆ. ಉತ್ಪಾದನೆಯ ಅಧ್ಯಾಯ, ಅನುಬಂಧ, ಪತ್ರವ್ಯವಹಾರ, ಎಲ್ಲ ಎರಡು ಸಲ ಓದಿದೆ. "ಉತ್ಪಾದನೆಯು ನಿರೀಕ್ಷೆಗಿಂತ ಕಡಿಮೆ ಇದ್ದುದರಿಂದ" ಎಂದು ಇತ್ತು. ಏಕೆ ಕಡಿಮೆ ಎಂದು ಸಂಸ್ಥೆ ಎಲ್ಲೂ ಹೇಳಿರಲಿಲ್ಲ. ಮಳೆ ಎಂಬ ಪದವೇ ಇರಲಿಲ್ಲ. ಅದನ್ನು ತಂದು ಕೂರಿಸಿದವಳು ನಾನು.

ನನಗೆ ನಾಚಿಕೆಗಿಂತ ಮೊದಲು ಆಶ್ಚರ್ಯವಾಯಿತು. ನಾನು ಸುಳ್ಳು ಹೇಳಬೇಕೆಂದು ಬರೆದಿರಲಿಲ್ಲ. ಅತ್ತೆಯವರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು. ಅದನ್ನು ಸಂಸ್ಥೆಗೆ ದಾಟಿಸಬೇಕಿದ್ದ ನಾನು ನನಗೆ ತೋಚಿದ ಉತ್ತರ ಕೊಟ್ಟು ಮುಚ್ಚಿಬಿಟ್ಟಿದ್ದೆ. ಕೇಳಬೇಕಾದ ಒಂದೇ ಪ್ರಶ್ನೆಗೆ ಆಯೋಗದ ಹೆಸರಿನಲ್ಲೇ ಉತ್ತರ ಸಿಕ್ಕಿದ ಮೇಲೆ ಯಾರು ಏನು ಕೇಳಿಯಾರು? ಆಕ್ಷೇಪಣೆ ಸಲ್ಲಿಸಲು ನಾಲ್ಕು ದಿನ ಉಳಿದಿತ್ತು. ಅಲ್ಲಿಯವರೆಗೆ ಬಂದದ್ದು ಒಂದು ಕೈಗಾರಿಕಾ ಸಂಘದ್ದು ಮಾತ್ರ. ಅದೂ ಬಡ್ಡಿ ದರದ ಬಗ್ಗೆ.

ಸುಮ್ಮನಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾಕಾ ಬಂದು ಆಕ್ಷೇಪಣೆ ಕೊಟ್ಟರೆ ಕೊಡಲಿ, ಅದರಿಂದಲೇ ವಿಷಯ ಹೊರಬರಲಿ, ನನ್ನ ಸಾಲು ಯಾರ ಕಣ್ಣಿಗೂ ಬೀಳದೆ ಹೋಗಲಿ. ಅರ್ಧ ತಾಸು ಆ ಯೋಚನೆ ಚಂದವಾಗಿಯೇ ಕಂಡಿತು. ಆದರೆ ಗೋಡೆಗಳ ಮೇಲೆ ನನ್ನ ಕಾಗದ ಇನ್ನೂ ಅಂಟಿಕೊಂಡಿತ್ತು. ಕಮಲಾಪುರದಲ್ಲಿ ಒಬ್ಬ ಗೇಜ್ ರೀಡರ್ ಇದ್ದರು, ಸರಿ. ಬೇರೆ ಊರುಗಳಲ್ಲಿ ಅದನ್ನು ಓದಿ ನಂಬಿದವರಿಗೆ ಯಾರಿದ್ದರು?

ಬೆಂಗಳೂರಿನ ನಿರ್ದೇಶಕರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ತಿದ್ದುಪಡಿ ಅಂದರೆ ಮತ್ತೆ ಪತ್ರಿಕೆಗೆ ಕೊಡಬೇಕು. ಆಕ್ಷೇಪಣೆಗೆ ಹೊಸದಾಗಿ ಗಡುವು ಕೊಡಬೇಕು. ವಿಚಾರಣೆಯ ದಿನ ಮುಂದೆ ಹೋಗುತ್ತದೆ. ಆ ಸಂಸ್ಥೆಯ ವಕೀಲರು ಸುಮ್ಮನಿರುತ್ತಾರೆಯೇ?" ಎಂದರು.

"ಇರೋದಿಲ್ಲ ಸರ್."

"ಇನ್ನೊಂದು ವಿಷಯ. ನಾಳೆ ಆ ಗೇಜ್ ರೀಡರ್ ಪರವಾಗಿ ನೀವೇ ದಾಖಲೆ ಹುಡುಕಲು ಹೊರಟರೆ ಕಷ್ಟ. ನಾವು ನ್ಯಾಯ ಹೇಳುವವರ ಕಚೇರಿ. ಯಾರ ಪರವೂ ಅಲ್ಲ."

"ಅವರ ಪರವಾಗಿ ನಾನು ಏನೂ ಮಾಡಲ್ಲ ಸರ್. ನಾನು ಬರೆದ ತಪ್ಪನ್ನ ತೆಗೀಬೇಕು ಅಷ್ಟೇ."

"ಟಿಪ್ಪಣಿ ಬರೆದು ಕಳಿಸಿ. ತಪ್ಪು ಯಾರದು ಅಂತ ಸ್ಪಷ್ಟವಾಗಿ ಬರೆಯಿರಿ. 'ಕಣ್ತಪ್ಪಿನಿಂದ' ಅಂತ ಬರೀಬೇಡಿ, ಅದು ಯಾರಿಗೂ ಏನೂ ಹೇಳಲ್ಲ."

ಹಾಗೆಯೇ ಬರೆದೆ. ಸಾರಾಂಶದಲ್ಲಿನ ಕಾರಣ ಅರ್ಜಿದಾರರು ಹೇಳಿದ್ದಲ್ಲ, ಕರಡು ಸಿದ್ಧಪಡಿಸಿದ ಅಧಿಕಾರಿ ಊಹಿಸಿ ಸೇರಿಸಿದ್ದು ಎಂಬ ತಿದ್ದುಪಡಿ ಪ್ರಕಟವಾಯಿತು. ಗಡುವು ವಿಸ್ತರಣೆಯಾಯಿತು. ಸಂಸ್ಥೆಯ ವಕೀಲರು ಎರಡು ಪುಟದ ಪ್ರತಿಭಟನೆ ಕಳಿಸಿದರು. ನಾನು ಬಸ್ಸಿನಲ್ಲಿ, ಆಟೋದಲ್ಲಿ ಊರೂರು ತಿರುಗಿ ಕೌಂಟರುಗಳ ಗೋಡೆಯ ಹಳೆಯ ಕಾಗದ ಕಿತ್ತು ಹೊಸದು ಅಂಟಿಸಿದೆ. ಅಂಟು ಒಣಗಿ ಗಟ್ಟಿಯಾಗಿತ್ತು. ಕಮಲಾಪುರದಲ್ಲಿ ಉಗುರು ಹಾಕಿ ಕೆರೆಯಬೇಕಾಯಿತು.

ಕಾಕಾ ಆ ವಾರವೇ ಸೇಡಂ ರಸ್ತೆಯ ಕಚೇರಿಗೆ ಬಂದರು. ಮೆಟ್ಟಿಲು ಹತ್ತಿ ಬಂದು, ಕುರ್ಚಿ ತೋರಿಸಿದರೂ ಕೂರಲು ತಡ ಮಾಡಿದರು.

"ಅಫಿಡವಿಟ್ ಮಾಡಬೇಕಂತಲ್ರಿ. ಹ್ಯಾಂಗ ಬರೀಬೇಕು ಹೇಳ್ರಿ, ಬರೀತೀನಿ."

"ಏನು ಬರೀಬೇಕು ಅಂತ ನಾ ಹೇಳೋಹಂಗಿಲ್ಲ ಕಾಕಾ. ನಮೂನೆ ಕೊಡ್ತೀನಿ. ಒಂದು ಮಾತು ಎಲ್ಲಾರಿಗೂ ಹೇಳ್ತೀವಿ, ನಿಮಗೂ ಹೇಳ್ತೀನಿ. ನೀವು ಕಣ್ಣಿಲೆ ನೋಡಿದ್ದು ಬ್ಯಾರೆ ಬರೀರಿ, ಅಂದಾಜು ಮಾಡಿದ್ದು ಬ್ಯಾರೆ ಬರೀರಿ."

ಅವರು ನಮೂನೆಯನ್ನು ಮಡಚದೆ ಕೈಯಲ್ಲೇ ಹಿಡಿದು ಕೂತರು. "ನನಗ ಇಲಾಖೆ ಪೆನ್ಶನ್ ಬರ್ತದ. ಸರ್ಕಾರದ ವಿರುದ್ಧ ನಿಂತಂಗ ಆಗ್ತದೇನು ಅಂತ ಮಗಳು ಕೇಳ್ಯಾಳ. ಅಲ್ಲದ ಅಲ್ಲಿ ವಕೀಲರು ಇರ್ತಾರ. ದೊಡ್ಡ ದೊಡ್ಡ ಇಂಜಿನಿಯರ್ ಸಾಹೇಬ್ರು ಇರ್ತಾರ. ನಾ ಕಂಬ ಓದಿದವ."

ಕಾನೂನು ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು ಎನ್ನುತ್ತದೆ ಎಂದಷ್ಟೇ ಹೇಳಿದೆ. ಸಲ್ಲಿಸಿ ಎಂದು ಹೇಳುವ ಹಕ್ಕು ನನಗಿರಲಿಲ್ಲ, ಬಾಯಿತನಕ ಬಂದ ಮಾತನ್ನು ಅಂದು ನುಂಗಿಕೊಂಡಷ್ಟು ಎಂದೂ ನುಂಗಿಲ್ಲ. ಅವರು ನಮಸ್ಕಾರ ಮಾಡಿ ಇಳಿದು ಹೋದರು.

ಗಡುವಿನ ಕೊನೆಯ ದಿನದ ಮಧ್ಯಾಹ್ನ ಅವರು ಗಿರಣಿಯಕ್ಕನ ಜೊತೆ ಬಂದರು. ಕೋರ್ಟಿನ ಹತ್ತಿರ ನೋಟರಿ ಮುಂದೆ ಸಹಿ ಮಾಡಿ ಬಂದಿದ್ದರು. ಒಂದೂವರೆ ಪುಟ, ಗಿರಣಿಯಕ್ಕನ ದುಂಡು ಅಕ್ಷರ. "ಮೂರು ಸಲ ಬರದು ಹರದೀನ್ರಿ" ಎಂದಳು ಆಕೆ. "ನೋಡಿದ್ದು ಬ್ಯಾರೆ, ಅಂದಾಜು ಬ್ಯಾರೆ ಮಾಡೋದ್ರಾಗ ಸಾಕಾಯ್ತು. ಕಾಕಾ ಒಂದೊಂದು ಮಾತಿಗೂ 'ಇದು ನೋಡಿದ್ದೋ, ಅಂದಾಜೋ' ಅಂತ ನನ್ನೇ ಕೇಳ್ತಾರ." ನಾನು ಸ್ವೀಕೃತಿ ಮುದ್ರೆ ಒತ್ತಿ, ಸಂಖ್ಯೆ ಹಾಕಿ, ಪ್ರತಿ ಕೊಟ್ಟೆ.

ವಿಚಾರಣೆ ಸೇಡಂ ರಸ್ತೆಯ ಒಂದು ಸಭಾಭವನದಲ್ಲಿ ನಡೆಯಿತು. ಈ ಸಲ ಕುರ್ಚಿಗಳು ಸಾಲಲಿಲ್ಲ. ವೇದಿಕೆಯ ಮೇಲೆ ಆಯೋಗದ ಅಧ್ಯಕ್ಷರು, ಇಬ್ಬರು ಸದಸ್ಯರು. ಒಂದು ಬದಿಗೆ ಸಂಸ್ಥೆಯ ವಕೀಲರು, ಅವರ ಹಿಂದೆ ವಿದ್ಯುತ್ ಕೇಂದ್ರದಿಂದ ಬಂದ ಇಂಜಿನಿಯರ್. ನಾನು ಕಡತಗಳೊಂದಿಗೆ ಪಕ್ಕದ ಮೇಜಿನಲ್ಲಿ.

ಕಾಕಾರ ಸರದಿ ಬಂದಾಗ ಅವರು ಮೈಕಿನಿಂದ ಒಂದು ಮೊಳ ದೂರ ನಿಂತು, ಅಂಗಳದಲ್ಲಿ ಹೇಳಿದ್ದನ್ನೇ ಹೇಳಿದರು. ವಕೀಲರು ಎದ್ದರು. ಇದು ಬರಿಗಣ್ಣಿನ ಮಾತು, ದಾಖಲೆಯಿಲ್ಲ, ನೀರಿನ ನೊರೆ ನೋಡಿ ದರ ನಿಗದಿ ಮಾಡಲಾಗದು ಎಂದರು. ಅಧ್ಯಕ್ಷರು ವಕೀಲರನ್ನು ದಾಟಿ ಹಿಂದೆ ನೋಡಿದರು.

"ಇಂಜಿನಿಯರೇ, ಆ ಮೂರು ವರ್ಷ ನಿಮ್ಮ ಯಂತ್ರಗಳು ಓಡುತ್ತಿದ್ದವೇ?"

ಇಂಜಿನಿಯರ್ ಎದ್ದು ನಿಂತರು. ವಕೀಲರು ಏನೋ ಹೇಳಲು ತಿರುಗಿದರು. ಇಂಜಿನಿಯರ್ ಅದನ್ನು ನೋಡಲಿಲ್ಲ.

"ಸರ್, ಎರಡು ಯಂತ್ರಗಳಿವೆ. ಎರಡನೇ ವರ್ಷ ಒಂದು ಯಂತ್ರದ ಸುರುಳಿ ಸುಟ್ಟು ಅದನ್ನು ಪೂರ್ತಿ ಬಿಚ್ಚಿದ್ದೆವು. ಬಿಡಿಭಾಗ ಬರುವುದು ತಡವಾಯಿತು. ಮೂರನೇ ವರ್ಷದ ಅರ್ಧದವರೆಗೂ ಅದು ನಿಂತೇ ಇತ್ತು. ಆ ಅವಧಿಯಲ್ಲಿ ನೀರು ಇತ್ತು. ಗೇಟಿನಿಂದ ಬಿಟ್ಟೆವು. ಇವರು ಹೇಳುವುದು ನಿಜ."

ಸಭೆಯಲ್ಲಿ ಗುಸುಗುಸು ಎದ್ದಿತು. ಇಂಜಿನಿಯರ್ ಕೂರಲಿಲ್ಲ. "ಆದರೆ ಮೊದಲನೇ ವರ್ಷದ ವಿಷಯ ಬೇರೆ ಸರ್. ಆ ವರ್ಷ ಜಲಾಶಯಕ್ಕೆ ನೀರು ನಿಜವಾಗಿಯೂ ಬರಲಿಲ್ಲ. ಯಂತ್ರ ತಿರುಗಲು ಬೇಕಾದ ಕನಿಷ್ಠ ಮಟ್ಟಕ್ಕಿಂತ ಕೆಳಗೆ ಹೋಗಿತ್ತು. ಕುಡಿಯುವ ನೀರಿಗಾಗಿ ತಳದ ತೂಬಿನಿಂದ ಬಿಡಬೇಕಾಯಿತು. ಇವರು ನೋಡಿದ ನೀರು ಅದು. ಯಂತ್ರದ ನೀರಲ್ಲ ಎಂದು ಇವರು ಹೇಳಿದ್ದು ಸರಿ. ಆದರೆ ಆ ನೀರಿನಿಂದ ವಿದ್ಯುತ್ ಮಾಡಲು ಆಗುತ್ತಿರಲಿಲ್ಲ."

ಅಧ್ಯಕ್ಷರು ಕಾಕಾರ ಕಡೆ ನೋಡಿದರು. ಕಾಕಾ ಕೈಯಲ್ಲಿದ್ದ ಅಫಿಡವಿಟ್ ಪ್ರತಿಯನ್ನು ತಿರುವಿ ಆ ಸಾಲು ಹುಡುಕಿದರು.

"ತಳದ ತೂಬು ತೆರೆದಿತ್ತು ಅನ್ನೋದು ನನಗ ಗೊತ್ತಿದ್ದಿಲ್ಲರಿ. ಆ ವರ್ಷದ ನೀರು ತಣ್ಣಗೇ ಇತ್ತು, ನೊರಿ ಇದ್ದಿಲ್ಲ. ಯಾಕ ಅಂತ ನಾ ವಿಚಾರ ಮಾಡಬೇಕಿತ್ತು. ಮೊದಲನೇ ವರ್ಷದ್ದು ನನ್ನ ಅಂದಾಜು. ಅದನ್ನ ವಾಪಸ್ ತಗೋತೀನಿ. ಉಳಿದ ಎರಡು ವರ್ಷದ್ದು ನೋಡಿದ್ದು. ಅದು ಇರ್ಲಿ."

ಹದಿನಾಲ್ಕು ವರ್ಷದ ನೌಕರಿಯಲ್ಲಿ ನಾನು ಬಹಳ ವಿಚಾರಣೆಗಳನ್ನು ನೋಡಿದ್ದೇನೆ. ತಾನು ಹೇಳಿದ್ದರಲ್ಲಿ ಇಷ್ಟು ತಪ್ಪು ಎಂದು ಯಾರೂ ಕೇಳದೆಯೇ ಒಬ್ಬರು ಹಿಂತೆಗೆದುಕೊಂಡದ್ದನ್ನು ಅಂದೇ ನೋಡಿದ್ದು. ಉಳಿದ ಎರಡು ವರ್ಷದ ಮಾತಿಗೆ ಅಂದಿನಿಂದ ತೂಕ ಬಂತು. ಕೇಂದ್ರದ ದಿನವಹಿ ದಾಖಲೆಗಳನ್ನು ಹಾಜರುಪಡಿಸಬೇಕು, ಪ್ರತಿಯನ್ನು ಆಕ್ಷೇಪಣೆದಾರರಿಗೂ ಕೊಡಬೇಕು ಎಂದು ಅಧ್ಯಕ್ಷರು ಹೇಳಿ ಬರೆಸಿದರು.

ವಿರಾಮದಲ್ಲಿ ಚಹಾ, ಸೂಸಲಾ, ಮಿರ್ಚಿ ಇಟ್ಟಿದ್ದರು. ಇಂಜಿನಿಯರ್ ತಟ್ಟೆ ಹಿಡಿದು ನೇರವಾಗಿ ಕಾಕಾರ ಹತ್ತಿರ ಹೋದರು. "ನಮ್ಮ ಯಂತ್ರ ಯಾವಾಗ ಶುರುವಾಯಿತು ಅಂತ ಅಷ್ಟು ಕೆಳಗೆ ನಿಮಗೆ ಎಷ್ಟು ಹೊತ್ತಿಗೆ ಗೊತ್ತಾಗುತ್ತಿತ್ತು?" ಎಂದು ಕೇಳಿದರು.

"ಒಂದೂ ಕಾಲು ತಾಸಿಗಿ ಸಾಹೇಬ್ರ. ಬ್ಯಾಸಗ್ಯಾಗ ಒಂದೂವರಿ."

ಇಂಜಿನಿಯರ್ ಅದನ್ನು ಅಂಗೈ ಮೇಲೆ ಬರೆದುಕೊಂಡರು. ಕಾಗದ ಸಿಕ್ಕಿರಲಿಲ್ಲವೇನೋ.

ಆದೇಶ ಬರಲು ಎರಡು ತಿಂಗಳಿಗೂ ಹೆಚ್ಚು ಹಿಡಿಯಿತು. ಯಂತ್ರ ಬಿಚ್ಚಿಟ್ಟ ಅವಧಿಯನ್ನು ಸರಾಸರಿಯಿಂದ ಬಿಟ್ಟರು. ನೀರು ಬಾರದ ಮೊದಲ ವರ್ಷವನ್ನು ಉಳಿಸಿಕೊಂಡು, ಹಳೆಯ ದೀರ್ಘಕಾಲದ ಹರಿವಿನ ಜೊತೆ ಸೇರಿಸಿ ಹೊಸ ನಿರೀಕ್ಷೆ ಕಟ್ಟಿದರು. ದರ ಏರಿತು, ಆದರೆ ಕೇಳಿದಷ್ಟಲ್ಲ. ಯಂತ್ರ ಕೆಟ್ಟು ನಿಂತ ಭಾರವನ್ನು ಬಳಕೆದಾರರ ಮೇಲೆ ಹೊರಿಸಲಾಗದು ಎಂದು ಒಂದು ಸಾಲು. ಸಾರಾಂಶದಲ್ಲಿ ಆದ ತಪ್ಪಿನ ಬಗ್ಗೆ ಒಂದು ಪೂರ್ತಿ ಪ್ಯಾರಾ, ಮುಂದೆ ಹೀಗಾಗಬಾರದು ಎಂಬ ಎಚ್ಚರಿಕೆಯೊಂದಿಗೆ. ಅದನ್ನು ನಾನೇ ಕನ್ನಡಕ್ಕೆ ಇಳಿಸಬೇಕಾಯಿತು. ಒಂದು ಪದವನ್ನೂ ಸೇರಿಸಲಿಲ್ಲ, ಬಿಡಲೂ ಇಲ್ಲ.

ಆದೇಶದ ದೃಢೀಕೃತ ಪ್ರತಿ ಮತ್ತು ಅನುಬಂಧವಾಗಿದ್ದ ಕೇಂದ್ರದ ದಿನವಹಿ ದಾಖಲೆ ತಲುಪಿಸಲು ಮತ್ತೊಂದು ಭಾನುವಾರ ಕಮಲಾಪುರಕ್ಕೆ ಹೋದೆ. ಗಿರಣಿಯಕ್ಕ ಆದೇಶ ಇಸಿದುಕೊಂಡು, ತನ್ನ ಬಿಲ್ಲಿನಲ್ಲಿ ಎಷ್ಟು ಫರಕ ಬರುತ್ತದೆ ಎಂದು ಕೇಳಿದಳು. ಬಹಳ ಕಡಿಮೆ ಎಂದೆ. "ಆದ್ರೂ ಬರ್ತದಲ್ರಿ" ಎಂದಳು. ಕಾಕಾ ಆದೇಶವನ್ನು ಒಂದು ಸಲ ತಿರುವಿ ಪಕ್ಕಕ್ಕಿಟ್ಟರು. ಅವರ ಕೈ ಹೋದದ್ದು ದಿನವಹಿ ದಾಖಲೆಗೆ.

ಅದು ಇಂಗ್ಲಿಷಿನಲ್ಲಿತ್ತು. ತಾರೀಖು, ಗಂಟೆ, ಅಂಕಿಗಳನ್ನು ಅವರೇ ಓದಬಲ್ಲರು. ಕನ್ನಡಕ ಏರಿಸಿ ಒಂದೊಂದೇ ಸಾಲಿನ ಮೇಲೆ ಬೆರಳು ಎಳೆಯುತ್ತ ಹೋದರು. ಬೆರಳು ನಿಂತಲ್ಲೆಲ್ಲ "ಹೌದು, ಏರಿತ್ತು", "ಹೌದು, ಇಳೀತು" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಮೂರನೇ ವರ್ಷದ ಮಳೆಗಾಲದ ಹಾಳೆಗಳಿಗೆ ಬಂದಾಗ ಬೆರಳು ಒಂದು ಕಡೆ ನಿಂತಿತು. ಬಹಳ ಹೊತ್ತು ಮುಂದೆ ಹೋಗಲಿಲ್ಲ.

"ಮೇಡಂ, ಈ ದಿನದ ಮುಂದ ಏನೋ ಬರದಾರ. ಏನದ ಓದ್ರಿ."

ಬಗ್ಗಿ ನೋಡಿದೆ. "ಮಧ್ಯಾಹ್ನ ತಂತಿಯ ದೋಷದಿಂದ, ಓಡುತ್ತಿದ್ದ ಯಂತ್ರ ತಾನಾಗಿಯೇ ನಿಂತಿತು. ಒಂದು ತಾಸಿನ ನಂತರ ಮತ್ತೆ ಚಾಲೂ ಮಾಡಲಾಯಿತು."

ಅವರು ಕನ್ನಡಕ ತೆಗೆದರು. "ಆ ದಿನ ನೀರು ಒಂದು ತಾಸು ಇಳದು ಮತ್ತ ಏರಿತ್ತು. ನಾ ಹಂಗೇ ಬರದೆ. ನಮ್ಮ ಸಾಹೇಬ್ರು ಒಪ್ಪಲಿಲ್ಲ. ಮಳಿಗಾಲದಾಗ ಒಂದು ತಾಸು ನೀರು ಹ್ಯಾಂಗ ಇಳೀತದೋ, ನೀ ದಡಕ್ಕ ಹೋಗದೇ ಮನಿಯಾಗ ಕುಂತು ಬರದೀ ಅಂದ್ರು. ನನ್ನ ಬರಹದ ಮ್ಯಾಲ ಗೀಟು ಹೊಡದು ತಾವೇ ತಿದ್ದಿದ್ರು. ಅಷ್ಟು ವರ್ಷದ ನೌಕರ್ಯಾಗ ನನ್ನ ಬರಹಕ್ಕ ಗೀಟು ಬಿದ್ದಿದ್ದು ಅದೊಂದೇ."

ಗಿರಣಿಯಕ್ಕ ಚಹಾದ ಕಪ್ಪು ಹಿಡಿದು ಬಂದವಳು ಅಲ್ಲೇ ನಿಂತಳು. ಕಾಕಾ ಹಾಳೆಯನ್ನು ನನ್ನ ಕಡೆ ಸರಿಸಿ, ಸಾಲಿನ ಕೆಳಗೆ ಬೆರಳು ಇಟ್ಟರು.

"ಇನ್ನೊಮ್ಮೆ ಓದ್ರಿ" ಎಂದರು. "ಸ್ವಲ್ಪ ನಿಧಾನಕ್ಕ."

ಓದಿದೆ.